ಅಕ್ಕನನ್ನು ಬೆಂಚಿನ ಮೇಲೆ ಕೂರಿಸಿದ್ದು

ಫುಟ್‌ಬಾಲ್‌ನಲ್ಲಿ ಗೋಲು ಹೊಡೆದವರ ಫೋಟೊ ಪೇಪರಿನಲ್ಲಿ ಬರುತ್ತದೆ, ಗೋಲು ಆಗದಂತೆ ನೋಡಿಕೊಂಡವರದು ಬರುವುದಿಲ್ಲ. ಇದು ಅನ್ಯಾಯ ಎಂದು ನಾನು ಹುಡುಗಿಯಾಗಿದ್ದಾಗಿನಿಂದ ಹೇಳುತ್ತಾ ಬಂದಿದ್ದೇನೆ, ಯಾವ ಪೇಪರಿನವರೂ ಇನ್ನೂ ಕಿವಿಗೆ ಹಾಕಿಕೊಂಡಿಲ್ಲ. ನಾನು ಸ್ಟಾಪರ್ ಆಗಿದ್ದವಳು. ಅಂದರೆ ಗೋಲ್‌ಕೀಪರಿನ ಮುಂದೆ ನಟ್ಟನಡುವೆ ನಿಂತು, ಬಂದದ್ದನ್ನೆಲ್ಲ ಬಂದ ದಾರಿಗೇ ವಾಪಸು ಕಳಿಸುವವಳು. ಆ ಜಾಗದಲ್ಲಿ ಇಬ್ಬರು ಇರುತ್ತಾರೆ. ನಮ್ಮ ತಂಡದಲ್ಲಿ ಇನ್ನೊಬ್ಬಳು ನನ್ನ ಒಡಹುಟ್ಟಿದ ಅಕ್ಕ, ನನಗಿಂತ ಮೂರು ವರ್ಷಕ್ಕೆ ದೊಡ್ಡವಳು.

ಈಗ ನಾನು ಆಡುವುದಿಲ್ಲ. ಪುಣೆ ಹತ್ತಿರದ ನಿಗಡಿಯ ನಮ್ಮ ಮಹಿಳಾ ತಂಡಕ್ಕೆ ಮ್ಯಾನೇಜರ್ ಆಗಿದ್ದೇನೆ. ಮ್ಯಾನೇಜರ್ ಎಂದ ಕೂಡಲೇ ಕೋಟು, ಕಾರು ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ತಂಡ ಆರಿಸುವುದು, ಅಭ್ಯಾಸ ಮಾಡಿಸುವುದು, ನೀರಿನ ಕ್ಯಾನ್ ಹೊರುವುದು, ಭಾನುವಾರ ಮಗಳನ್ನು ಮ್ಯಾಚಿಗೆ ಕಳಿಸಿ ಎಂದು ಅಮ್ಮಂದಿರ ತಲೆ ತಿನ್ನುವುದು, ಎಲ್ಲ ಸೇರಿ ಒಬ್ಬಳೇ. ಹಗಲು ಶಿವಾಜಿನಗರದ ಒಂದು ವಿಮಾ ಕಚೇರಿಯಲ್ಲಿ ಕೆಲಸ. ಸಂಜೆ ಲೋಕಲ್ ರೈಲು ಹಿಡಿದು ಆಕುರ್ಡಿಯಲ್ಲಿ ಇಳಿದು ಸೀದಾ ಮೈದಾನಕ್ಕೆ ಹೋಗುತ್ತೇನೆ. ಎರಡೂ ಕೆಲಸವನ್ನು ಚೆನ್ನಾಗಿಯೇ ಮಾಡುತ್ತೇನೆ. ಹೀಗೆ ಹೇಳಿಕೊಳ್ಳುವುದಕ್ಕೆ ನನಗೆ ಯಾವ ಸಂಕೋಚವೂ ಇಲ್ಲ, ಹಿಂದೆ ನಿಂತು ಇಡೀ ಮೈದಾನವನ್ನು ನೋಡಿ ಅಭ್ಯಾಸವಾದವರಿಗೆ ಸಂಕೋಚ ಕಡಿಮೆ.

ನಾವು ಮೂಲತಃ ಬೆಳಗಾವಿಯವರು. ಅಪ್ಪ ಒಂದು ಸಾರಿಗೆ ಕಂಪನಿಯ ಗುಮಾಸ್ತರಾಗಿ ಪುಣೆಗೆ ಬಂದಾಗ ನಾನಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದೆ. ಬೆಳಗಾವಿಯವರಿಗೆ ಫುಟ್‌ಬಾಲ್ ಹೊಸದಲ್ಲ. ಪ್ರಾಯದಲ್ಲಿ ಅಪ್ಪ ಕ್ಯಾಂಪಿನ ಕಡೆಯ ಮೈದಾನಗಳಲ್ಲಿ ಬರಿಗಾಲಲ್ಲೇ ಆಡಿದವರು. ನಿಗಡಿಗೆ ಬಂದ ಮೇಲೆ ಆಡಿಸಲು ಗಂಡುಮಕ್ಕಳಿಲ್ಲ ಎಂದು ಅವರೇನೂ ಕೊರಗಲಿಲ್ಲ, ನಮ್ಮಿಬ್ಬರನ್ನೇ ಕೈಹಿಡಿದು ಕರೆದುಕೊಂಡು ಹೋದರು. ಅಮ್ಮ ಮೂಗು ಮುರಿದಳು.

“ಹುಡುಗ್ಯಾರು ಕಾಲು ಮುರಕೊಂಡು ಬಂದ್ರ ಮುಂದ ಯಾರ್ರಿ ಮಾಡ್ಕೋತಾರ ಇವರನ್ನ?”

“ಇವರದ್ಯಾಕ ಮುರೀತದ?” ಎಂದರು ಅಪ್ಪ. “ಎದುರಿನವರದು ಮುರದ್ರ ಕೇಳು.”

ಅಪ್ಪನ ಮಾತು ಸುಳ್ಳಾಗದಂತೆ ನಾವು ಆದಷ್ಟು ನೋಡಿಕೊಂಡೆವು.

ಆಟ ಕಲಿಸಿದ್ದು ಅಪ್ಪನಾದರೂ ನನ್ನನ್ನು ಸ್ಟಾಪರ್ ಮಾಡಿದ್ದು ಅಕ್ಕನ ಬಾಯಿ. ಆ ಬಾಯಿಯನ್ನು ಕೇಳದವರಿಗೆ ವಿವರಿಸುವುದು ಕಷ್ಟ. ಮೈದಾನಕ್ಕೆ ಇಳಿದ ಗಳಿಗೆಯಿಂದ ಆಟ ಮುಗಿಯುವ ಮೂರು ಸೀಟಿ ಬೀಳುವ ತನಕ ಅದು ನಿಲ್ಲುತ್ತಿರಲಿಲ್ಲ. “ಎಡಕ್ಕ ನೋಡು! ಹಿಂದ ಒಬ್ಬಾಕಿ ಇದ್ದಾಳ! ಸರಿ, ಸರಿ, ಮುಂದ ಸರಿ! ಏ, ನಿದ್ದಿ ಬಂತೇನ ನಿನಗ?” ನನಗೆ ಹಿಂದೆ ತಿರುಗಿ ನೋಡುವ ಅಗತ್ಯವೇ ಬೀಳುತ್ತಿರಲಿಲ್ಲ. ನನ್ನ ಬೆನ್ನಿಗಿದ್ದ ಎರಡು ಕಣ್ಣು ಅಕ್ಕನವು. ಚೆಂಡು ನಮ್ಮಿಬ್ಬರ ನಡುವೆ ಬಿದ್ದಾಗ ಅವಳು “ನಂದು!” ಎಂದು ಒಂದು ಕೂಗು ಹಾಕುತ್ತಿದ್ದಳು, ನಾನು ಬಿಟ್ಟುಬಿಡುತ್ತಿದ್ದೆ. ನಾನು “ನಂದು!” ಎಂದರೆ ಅವಳು ಬಿಡುತ್ತಿದ್ದಳು. ಮನೆಯಲ್ಲಿ ಒಂದು ಬಾಚಣಿಗೆಗೆ ಕೂದಲು ಹಿಡಿದು ಜಗಳಾಡಿದವರು ಮೈದಾನದಲ್ಲಿ ಒಂದು ಸಲವೂ ಚೆಂಡಿಗಾಗಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಳ್ಳಲಿಲ್ಲ. ಅಕ್ಕ ಹೇಳುತ್ತಿದ್ದಳು, ಡಿಫೆನ್ಸಿನಲ್ಲಿ ಕಾಲಿಗಿಂತ ಬಾಯಿ ಮುಖ್ಯ, ಬಾಯಿ ಮುಚ್ಚಿದವರು ಗೋಲು ತಿನ್ನುತ್ತಾರೆ ಎಂದು. ಆ ಮಾತನ್ನು ಈಗ ನಾನು ನನ್ನ ಹುಡುಗಿಯರಿಗೆ ನನ್ನದೇ ಎಂಬಂತೆ ಹೇಳುತ್ತೇನೆ.

ಶನಿವಾರ ಸಂಜೆ ಟಿವಿಯಲ್ಲಿ ಇಂಗ್ಲೆಂಡಿನ ಮ್ಯಾಚುಗಳು ಬರುತ್ತಿದ್ದವು. ಆ ಕಾಲದಲ್ಲಿ ಅಲ್ಲಿ ಒಬ್ಬ ಡಿಫೆಂಡರ್ ಇದ್ದ. ಹೆಸರು ಬೇಡ, ನಾವೂ ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, “ನಮ್ಮಾಂವ” ಎನ್ನುತ್ತಿದ್ದೆವು. ನೋಡಲು ಏನೇನೂ ಚೆಂದವಿಲ್ಲ, ಓಟವೂ ಅಷ್ಟಕ್ಕಷ್ಟೆ. ಆದರೆ ಎದುರಿನವನು ಚೆಂಡನ್ನು ಎಲ್ಲಿಗೆ ಒದೆಯುತ್ತಾನೆ ಎಂಬುದು ಒದೆಯುವವನಿಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು. ಅಕ್ಕ ತಟ್ಟೆಯಲ್ಲಿ ಅವಲಕ್ಕಿ ಇಟ್ಟುಕೊಂಡು ಅವನೊಬ್ಬನನ್ನೇ ನೋಡುತ್ತಿದ್ದಳು, ಚೆಂಡು ಎಲ್ಲೇ ಇರಲಿ. ವಯಸ್ಸಾದ ಮೇಲೆ ಅವನು ಬೂಟು ಕಳಚಿ ಮ್ಯಾನೇಜರ್ ಆದ. ಗೆರೆಯ ಆಚೆ ಸೂಟು ಹಾಕಿಕೊಂಡು ನಿಂತವನು, ಚೆಂಡು ಗಾಳಿಯಲ್ಲಿ ಬಂದಾಗಲೆಲ್ಲ ತಾನೇ ತಲೆ ಕೊಡುವವನಂತೆ ಕತ್ತು ಮುಂದೆ ಹಾಕುತ್ತಿದ್ದ. ನಾವು ಬಿದ್ದು ಬಿದ್ದು ನಕ್ಕಿದ್ದೆವು. ಈಗ ನಾನೂ ಗೆರೆಯಾಚೆ ನಿಂತು ಅದನ್ನೇ ಮಾಡುತ್ತೇನೆ, ನನ್ನ ಹುಡುಗಿಯರು ಬೆನ್ನ ಹಿಂದೆ ನಗುತ್ತಾರೆ.

ಮ್ಯಾನೇಜರ್ ಆದ ಮೊದಲ ವರ್ಷವೇ ಅವನು, ತನ್ನ ಜೊತೆ ವರ್ಷಗಟ್ಟಲೆ ಆಡಿದ ಹಳೆಯ ಗೆಳೆಯರನ್ನು ಆಡಿಸದೆ ಬೆಂಚಿನ ಮೇಲೆ ಕೂರಿಸಿದ. ನನಗೆ ಸಿಟ್ಟು ಬಂದಿತ್ತು. ಎಂಥ ಮನುಷ್ಯ ಎಂದು ಬೈದಿದ್ದೆ. ಅಕ್ಕ ಮಾತ್ರ ತಣ್ಣಗೆ ಹೇಳಿದ್ದಳು:

“ಅಂವಾ ಸರಿ ಮಾಡ್ಯಾನ. ಗೆಳ್ಯಾರನ್ನ ಕೂಡಸಾಕ ಬರಂಗಿಲ್ಲ ಅಂದ್ರ ಮ್ಯಾನೇಜರ್ ಯಾಕ ಆಗಬೇಕು?”

ಈ ಮಾತನ್ನು ನಾನು ಮರೆಯಲಿಲ್ಲ. ಅಕ್ಕನೂ ಮರೆತಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ನನ್ನ ಬಲಮೊಣಕಾಲು ಕೈಕೊಟ್ಟಿತು. ಡಾಕ್ಟರು ಇನ್ನು ಆಟ ಸಾಕು ಎಂದರು, ಕ್ಲಬ್ಬಿನ ಹಿರಿಯರು ಹಾಗಾದರೆ ತಂಡ ನೋಡಿಕೊಳ್ಳಿ ಎಂದರು. ಹಿರಿಯಳನ್ನು ಬಿಟ್ಟು ಕಿರಿಯಳನ್ನು ಯಾಕೆ ಕೇಳಿದರು ಎಂದರೆ, ಹಿರಿಯಳಿಗೆ ಬೂಟು ಕಳಚುವ ಮನಸ್ಸಿರಲಿಲ್ಲ. ಅಕ್ಕ ಆಡುತ್ತಲೇ ಇದ್ದಳು. ಮನೆಯ ಹಿಂದಿನ ಶೆಡ್ಡಿನಲ್ಲಿ ಅವಳದೊಂದು ಜೋಳದ ರೊಟ್ಟಿಯ ಉದ್ಯೋಗವಿದೆ. ನಾಲ್ಕೈದು ಹೆಂಗಸರು ದಿನವಿಡೀ ರೊಟ್ಟಿ ಬಡಿಯುತ್ತಾರೆ, ಹಿಂಜವಾಡಿಯ ಫ್ಲ್ಯಾಟುಗಳಲ್ಲಿರುವ ನಮ್ಮ ಕಡೆಯವರಿಗೆಲ್ಲ ಅಲ್ಲಿಂದಲೇ ಹೋಗುತ್ತದೆ. ಅಲ್ಲಿಯೂ ಅಕ್ಕನದು ಅದೇ ಬಾಯಿ. ಬೆಳಿಗ್ಗೆ ಒಲೆಯ ಮುಂದೆ, ಸಂಜೆ ಗೋಲಿನ ಮುಂದೆ. ನಲವತ್ತು ದಾಟಿದರೂ ಅವಳ ಮೈ ಹಾಗೆ ಗಟ್ಟಿಯಾಗಿ ಉಳಿದಿತ್ತು.

ತಂಡದಲ್ಲಿ ಕನ್ನಡದವರು ಬೆರಳೆಣಿಕೆಯಷ್ಟು, ಉಳಿದವರೆಲ್ಲ ಮರಾಠಿಯವರು. ಆದರೆ ಅಕ್ಕ ಎಲ್ಲರಿಗೂ ಅಕ್ಕನೇ. ಮ್ಯಾಚಿಗೆ ಮುಂಚೆ ಹುಡುಗಿಯರು ಸಾಲಾಗಿ ಬಂದು ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿ ಮೈದಾನಕ್ಕೆ ಇಳಿಯುವುದು ರೂಢಿಯಾಗಿತ್ತು. ಯಾರು ಶುರುಮಾಡಿದರೋ ಗೊತ್ತಿಲ್ಲ. ನಮ್ಮ ಗೋಲ್‌ಕೀಪರ್ ಪಿಂಪ್ರಿಯಲ್ಲಿ ಪೊಲೀಸ್ ಕಾನ್‌ಸ್ಟೇಬಲ್. ಚೌಕದಲ್ಲಿ ನಿಂತು ಲಾರಿ ಡ್ರೈವರುಗಳ ಬೆವರಿಳಿಸುವವಳು. ಅವಳೂ ಗ್ಲೌಸು ಕಂಕುಳಲ್ಲಿ ಇಟ್ಟುಕೊಂಡು ಬಗ್ಗಿ ಅಕ್ಕನ ಬೂಟು ಮುಟ್ಟುತ್ತಿದ್ದಳು. ನೋಡಲು ಚೆಂದವಾಗಿತ್ತು, ಪ್ರೇಕ್ಷಕರು ಫೋನಿನಲ್ಲಿ ಫೋಟೊ ತೆಗೆಯುತ್ತಿದ್ದರು.

ತೊಂದರೆ ಗೊತ್ತಾದದ್ದು ಕಳೆದ ಸೀಸನ್ನಿನಲ್ಲಿ. ನನ್ನ ಜಾಗಕ್ಕೆ, ಅಂದರೆ ಅಕ್ಕನ ಪಕ್ಕಕ್ಕೆ, ಒಬ್ಬ ಹೊಸ ಹುಡುಗಿ ಬಂದಿದ್ದಳು. ಬೆಂಗಳೂರಿನವಳು, ಹಿಂಜವಾಡಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಅಲ್ಲಿಯ ಟ್ರಾಫಿಕ್ಕಿನಲ್ಲಿ ಕಂಪನಿಯ ಕ್ಯಾಬು ಸಿಕ್ಕಿಕೊಂಡರೆ ಇಳಿದು ನಡೆದೇ ಬಿಡುವಷ್ಟು ಆಟದ ಹುಚ್ಚು. ಜಿಂಕೆಯಂಥ ಓಟ, ಎತ್ತರ, ಒಳ್ಳೆಯ ತಲೆ. ಅವಳನ್ನು ನೋಡಿದ ಮೊದಲ ಸಂಜೆಯೇ, ನನಗಿಂತ ಒಳ್ಳೆಯ ಸ್ಟಾಪರ್ ಸಿಕ್ಕಳು ಎಂದು ಮನೆಯಲ್ಲಿ ಹೇಳಿದ್ದೆ. ನಾನು ಅಂಥ ಮಾತನ್ನು ಸುಲಭಕ್ಕೆ ಆಡುವವಳಲ್ಲ.

ಆದರೂ ನಾವು ಗೋಲು ತಿನ್ನತೊಡಗಿದೆವು, ಅದೂ ಒಂದೇ ರೀತಿಯ ಗೋಲುಗಳು. ಒಂದನ್ನು ಹೇಳುತ್ತೇನೆ, ಉಳಿದವೆಲ್ಲ ಅದರ ತಮ್ಮ ತಂಗಿಯರು. ಚೆಂಡು ಉದ್ದಕ್ಕೆ ಬಂದು ಅಕ್ಕನಿಗೂ ಈ ಹುಡುಗಿಗೂ ನಡುವೆ ಬಿತ್ತು. ಹುಡುಗಿ ಎರಡು ಹೆಜ್ಜೆ ಹತ್ತಿರ ಇದ್ದಳು. ಅವಳು “ನಂದು!” ಎಂದು ಕೂಗಿ ಒದೆಯಬೇಕಿತ್ತು. ಬದಲಿಗೆ ನಿಂತಳು. ನಿಂತು, ಬಾಗಿಲಲ್ಲಿ ಹಿರಿಯರಿಗೆ ದಾರಿ ಬಿಡುವಂತೆ ಸ್ವಲ್ಪ ಪಕ್ಕಕ್ಕೆ ಸರಿದಳು. ಅಕ್ಕ ಹುಡುಗಿ ಒದೆಯುತ್ತಾಳೆ ಎಂದುಕೊಂಡು ಎದುರಿನ ಫಾರ್ವರ್ಡನ್ನು ತಡೆಯಲು ತಿರುಗಿದ್ದಳು. ಕಾನ್‌ಸ್ಟೇಬಲ್‌ಗೆ ಗೋಲಿನಿಂದ ಎಲ್ಲವೂ ಕಾಣುತ್ತಿತ್ತು. ಆದರೆ ಅಕ್ಕನ ಮೇಲೆ ಕೂಗುವುದು ಹೇಗೆಂದು ಬಾಯಿ ಕಟ್ಟಿಕೊಂಡು ನಿಂತಳು. ಚೆಂಡು ಯಾರ ಗೊಡವೆಯೂ ಇಲ್ಲದೆ ಪುಟಿಯುತ್ತ ಹೋಯಿತು, ಎದುರಾಳಿಯೊಬ್ಬಳು ಬಂದು ಅದನ್ನು ಆರಾಮವಾಗಿ ಒಳಗೆ ತಳ್ಳಿದಳು.

“ಯಾಕೆ ನಿಂತೆ?” ಎಂದು ವಿರಾಮದಲ್ಲಿ ಹುಡುಗಿಯನ್ನು ಕೇಳಿದೆ.

“ಅಕ್ಕ ಇದ್ರಲ್ಲ ಮ್ಯಾಮ್. ಅವ್ರು ತಗೋತಾರೇನೋ ಅಂದ್ಕೊಂಡೆ.”

“ನೀನು ಹತ್ತಿರ ಇದ್ದೆ. ‘ನಂದು’ ಅಂತ ಕೂಗಬೇಕಿತ್ತು.”

“ಅವ್ರ ಮುಂದೆ ನಂದು ಅಂತ ಹೆಂಗ್ ಕೂಗೋದು ಮ್ಯಾಮ್? ಸರಿಯಾಗಲ್ಲ.”

ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಈ ಹುಡುಗಿ ಮನೆಯಲ್ಲಿ ಅಜ್ಜ ಊಟಕ್ಕೆ ಕೂರುವ ತನಕ ಕೂರದವಳು, ಕಾರಿನಲ್ಲಿ ಮುಂದಿನ ಸೀಟನ್ನು ದೊಡ್ಡವರಿಗೆ ಬಿಟ್ಟು ಹಿಂದೆ ಕೂರುವವಳು. ನಾವೆಲ್ಲ ಹಾಗೆಯೇ ಬೆಳೆದವರು. ದೊಡ್ಡವರ ಎದುರಿಗೆ ಯಾವುದನ್ನೂ ನನ್ನದು ಎನ್ನಬಾರದು. ಅದು ಒಳ್ಳೆಯ ನಡತೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಒಳ್ಳೆಯ ನಡತೆಯಿಂದ ನಾವು ಆ ಮ್ಯಾಚ್ ಸೋತೆವು. ಅದರ ಮುಂದಿನದನ್ನೂ ಸೋತೆವು.

ಸುಮ್ಮನೆ ಕೂರುವ ಪೈಕಿ ನಾನಲ್ಲ. ಮೊದಲು ಕಾಲು ಮುಟ್ಟುವುದನ್ನು ನಿಲ್ಲಿಸಿದೆ. ಹುಡುಗಿಯರು ನನ್ನ ಕಣ್ಣು ತಪ್ಪಿಸಿ ಪಾರ್ಕಿಂಗಿನಲ್ಲೇ ಕಾಲು ಮುಟ್ಟಿ ಬಂದರು. ಅಭ್ಯಾಸದಲ್ಲಿ ಅಕ್ಕನನ್ನು ನಡುವೆ ನಿಲ್ಲಿಸಿ, ಒಬ್ಬೊಬ್ಬಳೂ ಅವಳ ಮುಖಕ್ಕೆ ಮುಖ ಕೊಟ್ಟು “ನಂದು!” ಎಂದು ಕೂಗಬೇಕು ಎಂದೆ. ಕೂಗಿದರು, ಕೂಗಿದ ಮೇಲೆ ಕಿಸಕ್ಕನೆ ನಕ್ಕು “ಸಾರಿ ಅಕ್ಕಾ” ಎಂದರು. ಅಕ್ಕನಿಗೇ ರೇಗಿತು. “ಸಾರಿ ಏನ ಸಾರಿ? ಬೈರಿ ನನ್ನ, ತುಂಬಿದ ಮೈದಾನದಾಗ ಬೈರಿ!” ಎಂದು ಗದರಿದಳು. ಅವಳು ಗದರಿದ್ದಕ್ಕೆ ಅವರು ಇನ್ನಷ್ಟು ಹೆದರಿದರು. ಮ್ಯಾಚಿನ ದಿನ ಮತ್ತೆ ಅದೇ ಕತೆ. ಅಕ್ಕ ಚೆನ್ನಾಗಿಯೇ ಆಡುತ್ತಿದ್ದಳು ಎಂಬುದು ಇಲ್ಲಿಯ ಸಂಕಟ. ಅವಳು ಕೆಟ್ಟದಾಗಿ ಆಡಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತು.

ಸೀಸನ್ನಿನ ಕೊನೆಯ ಮ್ಯಾಚು ಬಂತು. ಗೆದ್ದರೆ ಅಥವಾ ಸಮ ಮಾಡಿದರೆ ನಾವು ಲೀಗಿನ ಮೊದಲ ದರ್ಜೆಯಲ್ಲಿ ಉಳಿಯುತ್ತೇವೆ, ಸೋತರೆ ಕೆಳಗಿನ ದರ್ಜೆಗೆ ಬೀಳುತ್ತೇವೆ. ಅಪ್ಪನ ಕೈಹಿಡಿದು ಈ ಕ್ಲಬ್ಬಿಗೆ ಬಂದಾಗಿನಿಂದ ನಾವು ಬಿದ್ದವರಲ್ಲ. ಇನ್ನೊಂದು ಮಾತೂ ಇತ್ತು. ಈ ಸೀಸನ್ ಮುಗಿದ ಮೇಲೆ ಬೂಟು ಕಳಚುತ್ತೇನೆ ಎಂದು ಅಕ್ಕ ಎಲ್ಲರೆದುರು ಹೇಳಿಬಿಟ್ಟಿದ್ದಳು. ಅಂದರೆ ಅದು ಅವಳ ಕೊನೆಯ ಮ್ಯಾಚು. ಹುಡುಗಿಯರು ಕೇಕಿಗೂ ಹೇಳಿಟ್ಟಿದ್ದರು.

ಅವಳನ್ನು ಮೈದಾನಕ್ಕೆ ಇಳಿಸಿದರೆ ನಾವು ಸೋಲುತ್ತೇವೆ ಎಂದು ನನಗೆ ಸ್ಪಷ್ಟವಾಗಿ ಕಂಡಿತು. ಇಂಥ ವಿಷಯದಲ್ಲಿ ನನ್ನ ಕಣ್ಣು ಮೋಸ ಮಾಡುವುದಿಲ್ಲ. ಹುಡುಗಿಯರ ಬಾಯಿಗೆ ಬೀಗ ಬೀಳುವುದು ಅಕ್ಕ ಮೈದಾನದಲ್ಲಿದ್ದಾಗ. ಅಕ್ಕ ಮೈದಾನದ ಹೊರಗಿದ್ದರೆ ಅವರು ಬಾಯಿ ತೆರೆಯಲೇಬೇಕು, ಬೇರೆ ಗತಿಯಿಲ್ಲ.

ಗುರುವಾರ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಅಕ್ಕನ ಶೆಡ್ಡಿಗೆ ಹೋದೆ. ಒಲೆಗಳು ಉರಿಯುತ್ತಿದ್ದವು, ರೊಟ್ಟಿ ಬಡಿಯುವ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಅಕ್ಕ ಬೆಂದ ರೊಟ್ಟಿಗಳನ್ನು ಬುಟ್ಟಿಗೆ ಜೋಡಿಸುತ್ತಿದ್ದಳು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ನೇರ ಹೇಳಿದೆ.

“ಅಕ್ಕಾ, ಭಾನುವಾರ ನಿನ್ನ ಕೂಡಸ್ತೀನಿ.”

ಅವಳು ತಲೆ ಎತ್ತಲಿಲ್ಲ. “ಯಾಕ? ಕಾಲು ನಿಧಾನ ಆತೇನ?”

“ಕಾಲು ಛಲೋ ಅದ. ನೀ ಇದ್ರ ಆ ಹುಡುಗ್ಯಾರು ಬಾಯಿ ಬಿಡಂಗಿಲ್ಲ. ನಿನಗೂ ಗೊತ್ತದ.”

“ನನ್ನ ಕಡೀ ಮ್ಯಾಚ್ ಅದು.”

“ಗೊತ್ತದ.”

ರೊಟ್ಟಿ ಬಡಿಯುವ ಹೆಂಗಸರ ಕೈ ನಿಧಾನವಾಯಿತು. ಅಕ್ಕ ಅವರ ಕಡೆ ನೋಡಿದ ಕೂಡಲೇ ಮತ್ತೆ ಜೋರಾಯಿತು. ನಾನು ಇನ್ನೇನೂ ತೋಚದೆ ಹಳೆಯ ಮಾತನ್ನು ತೆಗೆದೆ.

“ನೀನ ಹೇಳಿದ್ದಿ. ಟಿವಿ ಮುಂದ ಕುಂತು. ಗೆಳ್ಯಾರನ್ನ ಕೂಡಸಾಕ ಬರಂಗಿಲ್ಲ ಅಂದ್ರ ಮ್ಯಾನೇಜರ್ ಯಾಕ ಆಗಬೇಕು ಅಂತ.”

“ಹೇಳಿದ್ದೆ,” ಎಂದಳು ಅಕ್ಕ. “ಅಂವಾ ಕೂಡಿಸಿದ್ದು ಗೆಳ್ಯಾರನ್ನ. ಅಕ್ಕನ್ನಲ್ಲ.”

ಅಷ್ಟೇ. ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿ ಒಳಗೆ ಹೋದಳು. ಆ ಶೆಡ್ಡಿಗೆ ಹೋದಾಗಲೆಲ್ಲ ಬೇಡವೆಂದರೂ ಒಂದು ಕಟ್ಟು ರೊಟ್ಟಿ, ಮೇಲೊಂದಿಷ್ಟು ಶೇಂಗಾ ಚಟ್ನಿ ನನ್ನ ಚೀಲಕ್ಕೆ ಬೀಳುತ್ತಿತ್ತು. ಅವತ್ತು ಬರಿಗೈಯಲ್ಲಿ ಬಂದೆ. ದಾರಿಯುದ್ದಕ್ಕೂ ಅಳುತ್ತ ಬಂದೆ, ರಿಕ್ಷಾದವನು ಕನ್ನಡಿಯಲ್ಲಿ ನೋಡಿದರೂ ಅಳು ನಿಲ್ಲಿಸಲಿಲ್ಲ. ಆದರೆ ತೀರ್ಮಾನ ಬದಲಿಸಬೇಕು ಎಂದು ಒಂದು ಕ್ಷಣವೂ ಅನ್ನಿಸಲಿಲ್ಲ. ಅಳುವುದು ಬೇರೆ, ತಂಡ ಆರಿಸುವುದು ಬೇರೆ.

ಶುಕ್ರವಾರ ನಾನು ಫೋನ್ ಮಾಡಿದರೆ ಅಕ್ಕ ಎತ್ತಲಿಲ್ಲ. ಶನಿವಾರದ ಅಭ್ಯಾಸಕ್ಕೆ ಬರಲಿಲ್ಲ. ನಾಳೆಯ ತಂಡ ಹೇಳಿದಾಗ ಹುಡುಗಿಯರು ನನ್ನನ್ನು ಕೊಲೆಗಾರ್ತಿಯನ್ನು ನೋಡುವಂತೆ ನೋಡಿದರು. ಕಾನ್‌ಸ್ಟೇಬಲ್ ಒಬ್ಬಳೇ ಧೈರ್ಯ ಮಾಡಿ, “ಮ್ಯಾಡಮ್, ಹೇ ಬರೋಬರ್ ನಾಹಿ,” ಇದು ಸರಿಯಲ್ಲ ಎಂದು ಮರಾಠಿಯಲ್ಲಿ ಹೇಳಿದಳು. “ಇದೇ ದನಿಯನ್ನು ನಾಳೆ ಗೋಲಿನಿಂದ ಕೇಳಿಸು, ಸಾಕು,” ಎಂದು ನಾನೂ ಮರಾಠಿಯಲ್ಲೇ ಉತ್ತರ ಕೊಟ್ಟೆ.

ಭಾನುವಾರ ಮ್ಯಾಚು ಶಿವಾಜಿನಗರದ ಹತ್ತಿರ ಒಂದು ಕಾಲೇಜು ಮೈದಾನದಲ್ಲಿತ್ತು. ಅಕ್ಕ ಬರುತ್ತಾಳೋ ಇಲ್ಲವೋ ಎಂದು ನಾನು ಗೇಟಿನ ಕಡೆಗೇ ಕಣ್ಣಿಟ್ಟಿದ್ದೆ. ಬಂದಳು. ತಂಡದ ಜರ್ಸಿ ಹಾಕಿ, ಬೂಟು ಕಟ್ಟಿಕೊಂಡೇ ಬಂದಳು. ಲೇಸನ್ನು ಕಾಲಿಗೆ ಒಂದು ಸುತ್ತು ಸುತ್ತಿ ಎರಡು ಗಂಟು ಹಾಕುವುದು ಅವಳ ಪದ್ಧತಿ, ಇಡೀ ಮ್ಯಾಚು ಆಡುವ ದಿನ ಹೇಗೆ ಕಟ್ಟುತ್ತಾಳೋ ಹಾಗೆಯೇ ಕಟ್ಟಿದ್ದಳು. ಹುಡುಗಿಯರು ಕಾಲು ಮುಟ್ಟಲು ಬಂದರೆ ಕಾಲು ಹಿಂದೆ ಎಳೆದುಕೊಂಡು, “ಆಡವರ ಕಾಲು ಮುಟ್ಟಬೇಕು, ಕುಂತವರದಲ್ಲ,” ಎಂದಳು. ಬೆಂಚಿನ ತುದಿಯಲ್ಲಿ ನನ್ನ ಕಡೆ ಬೆನ್ನು ಮಾಡಿ ಕುಳಿತಳು.

ಆಟ ಶುರುವಾಯಿತು. ಮೊದಲ ಹತ್ತು ನಿಮಿಷ ನನ್ನ ಹುಡುಗಿಯರು ದಿಕ್ಕೆಟ್ಟವರಂತೆ ಆಡಿದರು, ಎರಡೆರಡು ಸಲ ಬೆಂಚಿನ ಕಡೆ ನೋಡಿದರು. ಅಕ್ಕ ಬಾಯಿ ಬಿಡಲಿಲ್ಲ. ಒಂದು ಗೋಲು ತಿಂದೆವು. ಆಮೇಲೆ ಕಾನ್‌ಸ್ಟೇಬಲ್ ಗೋಲಿನಿಂದ ಒಂದು ಕೂಗು ಹಾಕಿದಳು ನೋಡಿ, ರಸ್ತೆಯಲ್ಲಿದ್ದ ವಾಹನಗಳೂ ಒಮ್ಮೆ ನಿಂತಿರಬೇಕು. ಹಿಂಜವಾಡಿಯ ಹುಡುಗಿ ಬೆಚ್ಚಿಬಿದ್ದು ಎಡಕ್ಕೆ ಸರಿದಳು. ಎದುರಾಳಿಯ ದಾಳಿ ಅಲ್ಲಿಗೇ ನಿಂತಿತು. ಅವಳಿಗೆ ತನಗೇ ಆಶ್ಚರ್ಯವಾದಂತಿತ್ತು. ನಿಧಾನಕ್ಕೆ ಅವಳೂ ಬಾಯಿ ಬಿಟ್ಟಳು, ಮೊದಲು ಸಣ್ಣಗೆ, ಆಮೇಲೆ ಬೆಂಗಳೂರಿನ ಕನ್ನಡದಲ್ಲೇ ಮರಾಠಿ ಹುಡುಗಿಯರಿಗೆಲ್ಲ ಅಪ್ಪಣೆ. ಅವರಿಗೆ ಕನ್ನಡ ಬರದಿದ್ದರೂ ಚೆನ್ನಾಗಿಯೇ ಅರ್ಥವಾಯಿತು. ವಿರಾಮಕ್ಕೆ ಮುಂಚೆ ನಾವು ಒಂದು ಗೋಲು ಹಿಂತಿರುಗಿಸಿದೆವು. ಒಂದು–ಒಂದು. ಹೀಗೇ ಮುಗಿದರೂ ನಾವು ಉಳಿಯುತ್ತಿದ್ದೆವು.

ಎರಡನೇ ಅರ್ಧದಲ್ಲಿ ನಾನು ಹೊರಗೆ ಬಿದ್ದೆ. ಎದುರಾಳಿಯವಳು ನಮ್ಮ ಎಡಬದಿಯ ಹುಡುಗಿಯನ್ನು ಹಿಂದಿನಿಂದ ಕೆಡವಿದ್ದು ಇಡೀ ಮೈದಾನಕ್ಕೆ ಕಂಡಿತ್ತು, ರೆಫರಿಗೆ ಕಾಣಲಿಲ್ಲ. ನಾನು ಗೆರೆ ದಾಟಿ ಒಳಗೆ ಹೋಗಿ ಅವರಿಗೆ ನಾಲ್ಕು ಮಾತು ಹೇಳಿದೆ. ಅದಕ್ಕೂ ಮುಂಚೆ ಒಂದು ಹಳದಿ ಕಾರ್ಡು ತಿಂದಿದ್ದೆ. ಈಗ ಕೆಂಪು. ಇವತ್ತಿಗೂ ಹೇಳುತ್ತೇನೆ, ಅದು ಫೌಲೇ. ಮ್ಯಾನೇಜರ್ ಬೇಲಿಯ ಆಚೆ ಹೋಗಬೇಕು, ಮಾತಾಡುವಂತಿಲ್ಲ. ನಮ್ಮಂಥ ಸಣ್ಣ ತಂಡದಲ್ಲಿ ಸಹಾಯಕರು ಎಂದು ಯಾರೂ ಇರುವುದಿಲ್ಲ. ಇನ್ನು ತಂಡವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ರೆಫರಿ ಕೇಳಿದರು. ನಾನು ತಿರುಗಿ ನೋಡುವಷ್ಟರಲ್ಲಿ ಅಕ್ಕ ಎದ್ದು ನಿಂತಿದ್ದಳು.

“ನಾನು,” ಎಂದಳು. ನನ್ನ ಪಕ್ಕ ಹಾದುಹೋಗುವಾಗ ಮೂರು ದಿನಗಳಲ್ಲಿ ಮೊದಲ ಸಲ ನನ್ನೊಡನೆ ಮಾತಾಡಿದಳು: “ನಿನಗ ಸಿಟ್ಟು ಜಾಸ್ತಿ.”

ಬೇಲಿಯ ತಂತಿಗೆ ಬೆರಳು ಸಿಕ್ಕಿಸಿ ನಿಂತೆ. ಕೊನೆಗೆ ಹತ್ತು ನಿಮಿಷದಷ್ಟು ಆಟ ಉಳಿದಿರುವಾಗ, ಹಿಂಜವಾಡಿಯ ಹುಡುಗಿಯ ಪಕ್ಕ ಅಕ್ಕನ ಬದಲಿಗೆ ಆಡುತ್ತಿದ್ದ ಸ್ಟಾಪರ್ ಮೀನಖಂಡ ಹಿಡಿದುಕೊಂಡು ನೆಲಕ್ಕೆ ಕುಳಿತಳು. ಇನ್ನು ಆಡಲಾರೆ ಎಂದು ಕೈ ಬೀಸಿದಳು. ನಮಗೆ ಒಂದೇ ಒಂದು ಬದಲಾವಣೆ ಉಳಿದಿತ್ತು. ಬೆಂಚಿನಲ್ಲಿ ಇಬ್ಬರೇ. ಒಬ್ಬಳು ಫಿಸಿಯೋಥೆರಪಿ ಓದುತ್ತಿರುವ ಹುಡುಗಿ, ಗಾಳಿಯಲ್ಲಿ ಚೆಂಡು ಬಂದರೆ ಕಣ್ಣು ಮುಚ್ಚುವವಳು. ಇನ್ನೊಬ್ಬಳು ಅಕ್ಕ. ಸ್ಟಾಪರ್ ಜಾಗ ಖಾಲಿ, ಸ್ಟಾಪರ್ ಬೂಟು ಕಟ್ಟಿಕೊಂಡು ಗೆರೆಯ ಹತ್ತಿರವೇ ನಿಂತಿದ್ದಾಳೆ, ಅದು ಅವಳ ಕೊನೆಯ ಮ್ಯಾಚು, ತೀರ್ಮಾನ ಈಗ ಅವಳ ಕೈಯಲ್ಲೇ ಇದೆ. ತಡೆಯಲು ನಾನು ಅಲ್ಲಿಲ್ಲ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನಾನು ತಡೆಯುತ್ತಲೂ ಇರಲಿಲ್ಲ. ಇಳಿ ಅಕ್ಕಾ, ಇಳಿ, ಎಂದು ತಂತಿ ಹಿಡಿದು ಒಳಗೊಳಗೇ ಹೇಳುತ್ತಿದ್ದೆ.

ಅಕ್ಕ ಮೇಲಿನ ಜಾಕೆಟ್ಟಿನ ಜಿಪ್ಪಿಗೆ ಕೈ ಹಾಕಿದಳು. ಬೆಂಚಿನ ಆಚೆ ಕೂತಿದ್ದ ನಮ್ಮವರು ಚಪ್ಪಾಳೆ ಹೊಡೆಯಲು ಶುರುಮಾಡಿದರು. ಅವಳು ಒಮ್ಮೆ ಮೈದಾನದ ಕಡೆ ನೋಡಿದಳು. ಹಿಂಜವಾಡಿಯ ಹುಡುಗಿ ಅಕ್ಕ ಬರುತ್ತಿದ್ದಾಳೆ ಎಂದು ತಿಳಿದು ಕೂಗುವುದನ್ನು ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಅವಳಿಗೆ ಜಾಗ ಬಿಟ್ಟು ನಿಂತಿದ್ದಳು. ಅಕ್ಕ ಜಿಪ್ಪನ್ನು ಕುತ್ತಿಗೆಯ ತನಕ ಮೇಲೆ ಎಳೆದಳು. ಫಿಸಿಯೋಥೆರಪಿಯವಳನ್ನು ಭುಜ ಹಿಡಿದು ಎಬ್ಬಿಸಿ ಒಳಗೆ ನೂಕಿದಳು. ಆಮೇಲೆ ಹಿಂಜವಾಡಿಯ ಹುಡುಗಿಯ ಕಡೆ ಕೈ ಮಾಡಿ, ಬೇಲಿಯಾಚೆ ನನಗೂ ಕೇಳುವಂತೆ ಕೂಗಿದಳು:

“ಏ ಹುಡುಗಿ! ನಾ ಬರಂಗಿಲ್ಲ. ಇನ್ನ ಎಲ್ಲಾ ನಿಂದ!”

ಆ ಹತ್ತು ನಿಮಿಷ ಚೆಂಡು ನಮ್ಮ ಗೋಲಿನ ಮುಂದೆಯೇ ಸುತ್ತುತ್ತಿತ್ತು. ಅಕ್ಕ ಗೆರೆಗುಂಟ ಅತ್ತಿಂದಿತ್ತ ನಡೆಯುತ್ತಿದ್ದಳು, ಗಾಳಿಯಲ್ಲಿ ಚೆಂಡು ಬಂದಾಗಲೆಲ್ಲ ಕತ್ತು ಮುಂದೆ ಹಾಕುತ್ತಿದ್ದಳು. ಎದುರಾಳಿಗೆ ಕೊನೆಯ ಕಾರ್ನರ್ ಕಿಕ್ ಸಿಕ್ಕಿತು. ಕಾನ್‌ಸ್ಟೇಬಲ್ ಮುಂದೆ ಬಂದಳು, ಫಿಸಿಯೋಥೆರಪಿಯವಳು ಕಣ್ಣು ಮುಚ್ಚಿದಳು, ಮೂವರ ನಡುವೆ ಚೆಂಡು ಇಳಿಯಿತು. ಆ ಸೀಸನ್ನಿನಲ್ಲಿ ನಾವು ಎಷ್ಟೋ ಸಲ ಗೋಲು ತಿಂದ ಅದೇ ಜಾಗ. ಹಿಂಜವಾಡಿಯ ಹುಡುಗಿ ಗಂಟಲು ಹರಿಯುವಂತೆ “ನಂದು!” ಎಂದಳು. ತನಗಿಂತ ಐದಾರು ವರ್ಷ ದೊಡ್ಡವಳಾದ, ಲಾಠಿ ಹಿಡಿಯುವ ಕಾನ್‌ಸ್ಟೇಬಲ್ಲನ್ನು ಹೆಗಲಿನಿಂದ ಪಕ್ಕಕ್ಕೆ ಸರಿಸಿ, ಎಗರಿ ತಲೆ ಕೊಟ್ಟಳು. ಚೆಂಡು ಅರ್ಧ ಮೈದಾನ ದಾಟಿ ಬಿತ್ತು. ಮೂರು ಸೀಟಿ ಆಯಿತು. ಒಂದು–ಒಂದು, ನಾವು ಉಳಿದೆವು.

ನಾನು ಬೇಲಿ ಸುತ್ತಿಕೊಂಡು ಬರುವಷ್ಟರಲ್ಲಿ ಹುಡುಗಿಯರು ಮೈದಾನದ ನಡುವೆ ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡುತ್ತಿದ್ದರು. ಅಕ್ಕ ಬೆಂಚಿನ ಮೇಲೆ ಒಬ್ಬಳೇ ಕುಳಿತಿದ್ದಳು. ಅವಳ ಪಕ್ಕ ಕುಳಿತೆ. ಈ ಸಲ ಅವಳು ಬೆನ್ನು ತಿರುಗಿಸಲಿಲ್ಲ.

“ಯಾಕ ಇಳೀಲಿಲ್ಲ?” ಎಂದೆ. “ನಾ ಏನ್ ಬ್ಯಾಡ ಅಂತಿದ್ದಿಲ್ಲ.”

“ನಾ ಇಳದಿದ್ರ ಆಕೀ ನಂದು ಅಂತಿದ್ದಿಲ್ಲ,” ಎಂದಳು. “ನೀ ಹೇಳಿದ್ದು ಖರೇ ಇತ್ತು. ಅದಕ್ಕ ಸಿಟ್ಟು ಭಾಳ ಬಂದಿತ್ತು.”

ಕೇಕಿನ ಡಬ್ಬ ನಮ್ಮ ಕಾಲ ಬಳಿಯೇ ಇತ್ತು.

“ಆದ್ರ ಒಂದ ಮಾತು,” ಎಂದಳು ಅಕ್ಕ. “ಹಿಂದಿನ ವಾರದ್ದ ನನ್ನ ಕಡೀ ಮ್ಯಾಚ್ ಅಂತ ಗೊತ್ತಿದ್ರ, ಇನ್ನೊಂಚೂರು ಛಲೋ ಆಡತಿದ್ದೆ.”

ನಾನು ಕೆಳಗೆ ಕುಳಿತು, ನೋಯುವ ಮೊಣಕಾಲನ್ನು ಮಣ್ಣಿಗೆ ಊರಿ, ಅವಳ ಬೂಟನ್ನು ನನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು ಲೇಸಿಗೆ ಕೈ ಹಾಕಿದೆ. ಎರಡು ಗಂಟು ಬಿಗಿಯಾಗಿದ್ದವು, ಬಿಚ್ಚಲು ಹೊತ್ತು ಹಿಡಿಯಿತು. ಅಕ್ಕ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.